ಅಮೆರಿಕದ ಅಧ್ಯಕ್ಷೀಯ ಚುನಾವಣೆ ಬಿಗಿ ಇದೆಯೋ ಇಲ್ಲವೋ ಅಂತ ತಿಳಿಯೋಕೆ ಯಾವ ಪೋಲ್ ನಂಬಬೇಕು?

ಮಿಷಿಗನ್ ರಾಜ್ಯದ ಟ್ರಾಯ್‌ನಲ್ಲಿ ಇದ್ದೀರಿ, ಈಗಷ್ಟೇ ಸಿಟಿಜನ್ ಆಗಿದ್ದೀರಿ, 2028ರಲ್ಲಿ ಸ್ಪರ್ಧೆ ಬಿಗಿ ಇದ್ದರೆ ಮಾತ್ರ ರಜೆ ಹಾಕಿ ವೋಟಿಗೆ ಹೋಗೋಣ ಅಂತಿದ್ದೀರಿ. ಇದೇ ಲೆಕ್ಕ ನಾನು 2016ರಲ್ಲಿ ಹಾಕಿದ್ದೆ. ಅದೂ ನಿಮ್ಮ ಓಕ್ಲಂಡ್ ಕೌಂಟಿಯಲ್ಲೇ, ನೋವೈನಲ್ಲಿ.

ಆಗ ಮಿಷಿಗನ್‌ನಲ್ಲಿ ಈಗಿನ ಹಾಗೆ ಮನೆಯಿಂದಲೇ ಎಲ್ಲರೂ ವೋಟು ಕಳಿಸುವಂತಿರಲಿಲ್ಲ. 60 ವರ್ಷ ದಾಟಿರಬೇಕು, ಇಲ್ಲವೇ ಊರಲ್ಲಿ ಇರೋದಿಲ್ಲ ಅನ್ನೋ ಥರದ ಕಾರಣ ಕೊಡಬೇಕು. ಹಾಗಾಗಿ ನವೆಂಬರ್ 8, ಮಂಗಳವಾರ, ಖುದ್ದಾಗಿ ಹೋಗಲೇಬೇಕಿತ್ತು. ಬೆಳಿಗ್ಗೆ ಹೋದರೆ ಕ್ಯೂ ಶಾಲೆಯ ಬಾಗಿಲು ದಾಟಿ ಹೊರಗೆ ಬಂದಿತ್ತು, ಆಫೀಸಿನಲ್ಲಿ ಮೀಟಿಂಗ್ ಇತ್ತು, ಸಂಜೆ ನೋಡೋಣ ಅಂತ ಹೊರಟೆ. ಸಂಜೆ ಟ್ರಾಫಿಕ್ ದಾಟಿ ಅದೇ ಶಾಲೆಯ ಪಾರ್ಕಿಂಗ್ ಲಾಟಿಗೆ ಬರೋ ಹೊತ್ತಿಗೆ ಏಳು ದಾಟಿತ್ತು. ಎಂಟರವರೆಗೆ ಸಮಯ ಇತ್ತು. ಕಾರಿನ ಹೀಟರ್ ಹಾಕಿಕೊಂಡೇ ಫೋನ್ ತೆಗೆದೆ. ಟ್ರಂಪ್ ವಿರುದ್ಧ ಡೆಮಾಕ್ರಟಿಕ್ ಅಭ್ಯರ್ಥಿ ಹಿಲರಿ ಕ್ಲಿಂಟನ್ ಗೆಲ್ಲುವ ಸಾಧ್ಯತೆ, ಪೋಲ್‌ಗಳನ್ನು ಸೇರಿಸಿ ಲೆಕ್ಕ ಹಾಕುತ್ತಿದ್ದ ಫೈವ್‌ಥರ್ಟಿಎಯ್ಟ್ ವೆಬ್‌ಸೈಟ್ ಪ್ರಕಾರ ಶೇಕಡಾ 71, ನ್ಯೂಯಾರ್ಕ್ ಟೈಮ್ಸ್ ಪ್ರಕಾರ 85, ಹಫಿಂಗ್ಟನ್ ಪೋಸ್ಟ್ ಪ್ರಕಾರ 98. ಮನೆಯಲ್ಲಿ ಹೆಂಡತಿ ಕಾಯುತ್ತಿದ್ದಳು. ನಾನು ಹೋಗಿ ಮಗಳನ್ನು ನೋಡಿಕೊಂಡರೆ ಅವಳು ಬಂದು ವೋಟು ಹಾಕೋದು ಅಂತ ಮಾತಾಗಿತ್ತು. ಫೋನ್ ಮಾಡಿ, "ಬಿಡು, ಹಿಲರಿ ಹೇಗೂ ಗೆಲ್ತಾರೆ, ಈ ಚಳಿಯಲ್ಲಿ ನೀನೂ ಬರಬೇಡ" ಅಂದೆ. "ಖಂಡಿತ ತಾನೇ?" ಅಂದಳು. "ಖಂಡಿತ" ಅಂದೆ.

ಮಿಷಿಗನ್‌ನ ಫಲಿತಾಂಶ ಅಧಿಕೃತವಾಗೋಕೆ ನವೆಂಬರ್ 28 ಆಯಿತು. ಟ್ರಂಪ್ ಗೆದ್ದಿದ್ದು 10,704 ವೋಟಿನಿಂದ. ಇಡೀ ರಾಜ್ಯದ ಮತಗಟ್ಟೆಗಳಿಗೆ ಹಂಚಿದರೆ ಒಂದೊಂದಕ್ಕೆ ಎರಡೇ ಚಿಲ್ಲರೆ ವೋಟು. ನನ್ನ ಮತಗಟ್ಟೆಯಲ್ಲಿ ಆ ಎರಡು ವೋಟು ಯಾರದ್ದು ಅಂತ ನನಗೆ ಗೊತ್ತು. ನಾವಿಬ್ಬರು ಹೋಗಿದ್ದರೆ ಫಲಿತಾಂಶ ಬದಲಾಗುತ್ತಿತ್ತು ಅಂತ ಹೇಳುತ್ತಿಲ್ಲ. ಆದರೆ ಅದೇ ಸಂಜೆ ಅದೇ ಫೋನ್ ನೋಡಿ ಅದೇ ತೀರ್ಮಾನ ಮಾಡಿದವರು ನಾನೊಬ್ಬನೇ ಆಗಿರಲಾರೆ.

ತಪ್ಪಾಗಿದ್ದು ಎಲ್ಲಿ ಅಂತ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಪ್ರಶ್ನೆಯಲ್ಲೂ ಅದೇ ಇದೆ. 71 ಅನ್ನೋದು ವೋಟಿನ ಪಾಲಲ್ಲ, ಗೆಲ್ಲುವ ಸಾಧ್ಯತೆ. ಉಳಿದ 29 ಟ್ರಂಪ್‌ದು. ಆಪರೇಷನ್ ಮಾಡಿದರೆ ಹತ್ತರಲ್ಲಿ ಮೂರು ಜನ ಉಳಿಯೋದಿಲ್ಲ ಅಂತ ಡಾಕ್ಟರ್ ಹೇಳಿದರೆ ನಾವು ನಿಶ್ಚಿಂತೆಯಿಂದ ಇರ್ತೀವಾ? ನಾನು ಎಂಜಿನಿಯರ್, ದಿನಾ ಸಂಖ್ಯೆಗಳ ಜೊತೆಗೇ ಕೆಲಸ, ಆದರೂ 71 ನೋಡಿ ಸುಮ್ನೆ ನೂರು ಅಂದುಕೊಂಡೆ, ಯಾಕೆಂದರೆ ನನಗೆ ಮನೆಗೆ ಹೋಗಬೇಕಿತ್ತು.

ಇನ್ನೊಂದು, ಮಿಷಿಗನ್‌ನಲ್ಲಿ ಹಿಲರಿಯ ಮುನ್ನಡೆ ಪೋಲ್‌ಗಳ ಸರಾಸರಿಯಲ್ಲಿ ಮೂರು ನಾಲ್ಕು ಪಾಯಿಂಟ್ ಅಷ್ಟೇ ಇತ್ತು. ಸಾವಿರ ಜನರನ್ನು ಕೇಳಿದ ಪೋಲ್‌ನಲ್ಲಿ ಮೂರು ಪಾಯಿಂಟ್ ಆಚೀಚೆ ಆಗಬಹುದು ಅಂತ ಕೆಳಗೆ ಸಣ್ಣಕ್ಷರದಲ್ಲಿ ಬರೆದಿರುತ್ತಾರೆ. ಅದು ಒಬ್ಬೊಬ್ಬ ಅಭ್ಯರ್ಥಿಗೆ. ಒಬ್ಬರದು ಮೂರು ಇಳಿದು ಇನ್ನೊಬ್ಬರದು ಮೂರು ಏರಿದರೆ ಅಂತರದಲ್ಲಿ ಆರು ಪಾಯಿಂಟ್ ಹೋಯಿತಲ್ಲ! ಅಂದರೆ ನಾಲ್ಕು ಪಾಯಿಂಟ್ ಮುನ್ನಡೆ ಇದ್ದರೂ ಸೋಲಬಹುದು. ಅದೂ ಅಲ್ಲದೆ ಅದೇ ವರ್ಷ ಮಾರ್ಚ್‌ನಲ್ಲಿ ಇದೇ ರಾಜ್ಯದ ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆಯಲ್ಲಿ, ಹಿಲರಿ ಸುಮಾರು 20 ಪಾಯಿಂಟ್ ಮುಂದಿದ್ದಾರೆ ಅಂತ ಪೋಲ್‌ಗಳು ಹೇಳಿದ್ದವು. ಗೆದ್ದಿದ್ದು ಬರ್ನಿ ಸ್ಯಾಂಡರ್ಸ್. ಎಂಟು ತಿಂಗಳ ಹಿಂದೆ ನನ್ನ ಕಣ್ಣೆದುರೇ ಆಗಿದ್ದನ್ನು ಮರೆತಿದ್ದೆ.

ಪೋಲ್‌ನವರು ಸುಳ್ಳು ಹೇಳಿದರು ಅಂತ ನಾನು ಒಪ್ಪೋದಿಲ್ಲ. ಇಡೀ ದೇಶದ ಲೆಕ್ಕದಲ್ಲಿ ಅವರು ಹತ್ತಿರವೇ ಇದ್ದರು. ಒಟ್ಟು ವೋಟಿನಲ್ಲಿ ಹಿಲರಿ 2.1 ಪಾಯಿಂಟ್ ಮುಂದೆಯೇ ಇದ್ದರು. ಎಡವಿದ್ದು ರಾಜ್ಯಗಳಲ್ಲಿ, ಅಧ್ಯಕ್ಷರ ಗೆಲುವು ನಿರ್ಧಾರವಾಗೋದು ರಾಜ್ಯವಾರು ಲೆಕ್ಕದಲ್ಲೇ. ಕಾಲೇಜು ಓದಿದವರು ಪೋಲ್‌ಗಳಿಗೆ ಜಾಸ್ತಿ ಉತ್ತರ ಕೊಡುತ್ತಾರೆ, ಎಷ್ಟೋ ರಾಜ್ಯಗಳ ಪೋಲ್‌ಗಳು ಅದನ್ನು ಸರಿದೂಗಿಸಿರಲಿಲ್ಲ. ಕೊನೇ ವಾರ ಮನಸ್ಸು ಮಾಡಿದವರು ಬೇರೆ ಟ್ರಂಪ್ ಕಡೆ ವಾಲಿದರು.

ಇದು ನನಗೆ ಅರ್ಥವಾಗಿದ್ದು ಒಬ್ಬ ಸಹೋದ್ಯೋಗಿಯಿಂದ. ಮಕೋಂಬ್ ಕೌಂಟಿಯವರು, ನನಗಿಂತ ಹಿರಿಯರು, ಪ್ಲಾಂಟಿನಲ್ಲಿ ಕೆಲಸ. ಎರಡು ಸಲ ಒಬಾಮಾಗೆ ಹಾಕಿದ್ದವರು 2016ರಲ್ಲಿ ಟ್ರಂಪ್‌ಗೆ ಹಾಕಿದ್ದರು. ಅವರ ಕೌಂಟಿಯೂ ಹಾಗೇ ಮಾಡಿತ್ತು. ಯಾಕೆ ಅಂತ ಕೇಳಿದೆ. ಮೆಕ್ಸಿಕೋಗೆ ಹೋದ ಕೆಲಸ, ಮೆಕ್ಸಿಕೋ, ಕೆನಡಾ ಜೊತೆಗಿನ ನಾಫ್ಟಾ ವ್ಯಾಪಾರ ಒಪ್ಪಂದ, ಅಣ್ಣನ ಕೆಲಸ ಹೋಗಿದ್ದು, ಎಲ್ಲ ಹೇಳಿದರು. ಪೋಲ್‌ನವರು ನಿಮ್ಮನ್ನು ಕೇಳಿರಲಿಲ್ಲವಾ ಅಂದೆ. ಗೊತ್ತಿಲ್ಲದ ನಂಬರಿನಿಂದ ಬಂದ ಫೋನ್ ಯಾರು ಎತ್ತುತ್ತಾರೆ ಅಂದರು. ಅವರ ಮಾತು ನಿಜ. ಪ್ಯೂ ಸಂಸ್ಥೆಯ ಫೋನ್ ಸಮೀಕ್ಷೆಗೆ 1997ರಲ್ಲಿ ನೂರಕ್ಕೆ 36 ಜನ ಉತ್ತರಿಸುತ್ತಿದ್ದರು, 2018ಕ್ಕೆ ಅದು 6ಕ್ಕೆ ಇಳಿದಿತ್ತು. ಎತ್ತಿದವರು ಎತ್ತದವರ ಹಾಗೇ ಯೋಚಿಸುತ್ತಾರೆ ಅಂತ ನಂಬಿಕೊಂಡೇ ಇವತ್ತು ಪೋಲ್ ಮಾಡಬೇಕು.

ಇನ್ನು ಆ ಸಲ 75 ಸಾವಿರಕ್ಕೂ ಜಾಸ್ತಿ ಮಿಷಿಗನ್ ಮತದಾರರು ಮತಪತ್ರ ತುಂಬಿ, ಅಧ್ಯಕ್ಷರ ಜಾಗ ಮಾತ್ರ ಖಾಲಿ ಬಿಟ್ಟರು. ಗೆಲುವಿನ ಅಂತರದ ಏಳು ಪಟ್ಟು! ಇಬ್ಬರೂ ಬೇಡ ಅನ್ನೋ ಅಭಿಪ್ರಾಯವೂ ಅಭಿಪ್ರಾಯವೇ. 2024ರಲ್ಲೂ ಹಾಗೇ ಆಯಿತು. ಫೆಬ್ರವರಿಯ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಗಾಜಾ ವಿಷಯಕ್ಕೆ ಸಿಟ್ಟಾಗಿ ಲಕ್ಷಕ್ಕೂ ಹೆಚ್ಚು ಜನ ಯಾರಿಗೂ ಬದ್ಧರಲ್ಲ ಅನ್ನೋ ಆಯ್ಕೆಗೆ ಗುರುತು ಹಾಕಿದರು. ನವೆಂಬರ್‌ನಲ್ಲಿ ಅರಬ್ ಮೂಲದವರು ಹೆಚ್ಚಿರುವ ಡಿಯರ್‌ಬಾರ್ನ್‌ನಲ್ಲಿ ಟ್ರಂಪ್ ಮುಂದೆ ಬಂದರು.

ಈಗ ನಿಮ್ಮ ಪ್ರಶ್ನೆ, ಯಾವ ಪೋಲ್ ನಂಬೋದು. ಅಯೋವಾದ ಆ್ಯನ್ ಸೆಲ್ಜರ್ ಅವರ ಪೋಲ್ ತಗೊಳ್ಳಿ. 2016ರಲ್ಲಿ ಟ್ರಂಪ್ ಅಲ್ಲಿ 7 ಪಾಯಿಂಟ್ ಮುಂದೆ ಅಂದರು, 9 ಪಾಯಿಂಟ್‌ನಿಂದ ಗೆದ್ದರು. 2020ರಲ್ಲಿ ಮತ್ತೆ 7 ಅಂದರು, 8 ಆಯಿತು. ದೇಶವೇ ಅವರ ಪೋಲ್‌ಗೆ ಕಾಯುತ್ತಿತ್ತು. 2024ರಲ್ಲಿ ಡೆಮಾಕ್ರಟಿಕ್ ಅಭ್ಯರ್ಥಿ ಕಮಲಾ ಹ್ಯಾರಿಸ್ 3 ಪಾಯಿಂಟ್ ಮುಂದೆ ಅಂದರು, ಟ್ರಂಪ್ 13ರಿಂದ ಗೆದ್ದರು. ಅಷ್ಟು ಪ್ರಾಮಾಣಿಕವಾಗಿ ಕೆಲಸ ಮಾಡಿದವರಿಗೇ ಹೀಗಾದರೆ ನೀವು ಯಾರನ್ನು ಹುಡುಕುತ್ತೀರಿ? 2024ರಲ್ಲಿ ಏಳು ನಿರ್ಣಾಯಕ ರಾಜ್ಯಗಳಲ್ಲೂ ಸಮಬಲ ಅಂತಿದ್ದರು, ಏಳೂ ಟ್ರಂಪ್‌ಗೆ ಹೋದವು. ಒಂದು ಕಡೆ ಲೆಕ್ಕ ತಪ್ಪಿದರೆ ಬೇರೆ ಕಡೆಯೂ ಅದೇ ದಿಕ್ಕಿಗೆ ತಪ್ಪೋದೇ ಹೆಚ್ಚು. 2020ರಲ್ಲಿ ಇದೇ ಮಿಷಿಗನ್‌ನಲ್ಲಿ ಬೈಡನ್ ಎಂಟು ಪಾಯಿಂಟ್ ಹತ್ತಿರ ಮುಂದಿದ್ದರು, ಗೆದ್ದಿದ್ದು ಮೂರಕ್ಕೂ ಕಡಿಮೆಯಲ್ಲಿ. ಆರಾಮದ ಗೆಲುವು ಅಂತ ಪೋಲ್ ಹೇಳಿದ್ದು ಬಿಗಿಯಾಗಬಹುದು, ಬಿಗಿ ಅಂದಿದ್ದು ಏಕಪಕ್ಷೀಯವಾಗಬಹುದು. ನೀವು ಕೇಳುತ್ತಿರುವ ಖಾತ್ರಿ ಯಾವ ಪೋಲೂ ಕೊಡೋದಿಲ್ಲ.

ಅದಕ್ಕೇ ಬಿಗಿ ಇದ್ದರೆ ಮಾತ್ರ ಹೋಗ್ತೀನಿ ಅನ್ನೋ ಲೆಕ್ಕವೇ ಸರಿಯಿಲ್ಲ ಅನ್ನುತ್ತೇನೆ. ನನಗೆ ನಿಜವಾಗಿ ಹೊಡೆತ ಕೊಟ್ಟಿದ್ದಂತೂ ಅಧ್ಯಕ್ಷರ ಫಲಿತಾಂಶ ಅಲ್ಲ. ಅದೇ ಮತಪತ್ರದಲ್ಲಿ ಬಸ್ಸಿನ ಪ್ರಸ್ತಾಪವೂ ಇತ್ತು. ಡೆಟ್ರಾಯ್ಟ್ ಸುತ್ತಲಿನ ನಾಲ್ಕು ಕೌಂಟಿಗಳಿಗೆ ಸೇರಿ ಬಸ್ಸು, ರೈಲು ಮಾಡೋಕೆ 1.2 ಮಿಲ್ ಆಸ್ತಿ ತೆರಿಗೆ, ಅಂದರೆ ಆಸ್ತಿಯ ತೆರಿಗೆ ಮೌಲ್ಯದ ಪ್ರತಿ ಸಾವಿರ ಡಾಲರಿಗೆ 1.2 ಡಾಲರ್. ಆಗ ನೋವೈಗೆ ಡೆಟ್ರಾಯ್ಟ್ ಉಪನಗರಗಳ ಸ್ಮಾರ್ಟ್ ಅನ್ನೋ ಬಸ್ಸು ಬರುತ್ತಿರಲಿಲ್ಲ, ಊರು ಆ ವ್ಯವಸ್ಥೆಯಿಂದ ಹೊರಗುಳಿದಿತ್ತು. ಈ ಹೊಸ ತೆರಿಗೆಯಿಂದ ಯಾವ ಊರೂ ಹೊರಗುಳಿಯುವ ಹಾಗಿರಲಿಲ್ಲ.

ನನ್ನ ಅಮ್ಮ ಆಗಾಗ ಆರು ತಿಂಗಳಿಗೆ ಬರುತ್ತಾರೆ. ಬೆಂಗಳೂರಿನಲ್ಲಿ ಬಿಎಂಟಿಸಿ ಹತ್ತಿ ಒಬ್ಬರೇ ಗಾಂಧಿ ಬಜಾರಿಗೆ ಹೋಗಿ, ಹೂವು, ವೀಳ್ಯದೆಲೆ ಚೌಕಾಸಿ ಮಾಡಿ ತಂದು, ದಾರಿಯಲ್ಲಿ ನಾಲ್ಕು ಜನರನ್ನು ಮಾತಾಡಿಸಿ ಬರುವ ಹೆಂಗಸು. ಇಲ್ಲಿ ಬಂದರೆ ಶನಿವಾರದವರೆಗೆ ಮನೆಯೇ. ನಾವು ಕಾರಿನಲ್ಲಿ ಕರೆದುಕೊಂಡು ಹೋದರೆ ಇಂಡಿಯನ್ ಅಂಗಡಿ, ದೇವಸ್ಥಾನ, ಇಲ್ಲದಿದ್ದರೆ ಇಲ್ಲ. "ಒಂದು ಬಸ್ಸಿದ್ದಿದ್ರೆ ನಿಮಗೆ ತೊಂದರೆ ಕೊಡ್ತಿರಲಿಲ್ಲ ಕಣೋ" ಅನ್ನುತ್ತಿದ್ದರು. ಆ ಪ್ರಸ್ತಾಪ ನಾಲ್ಕೂ ಕೌಂಟಿ ಸೇರಿ ಸುಮಾರು 18 ಸಾವಿರ ವೋಟಿನಿಂದ ಬಿತ್ತು. ನಮ್ಮ ಓಕ್ಲಂಡ್‌ನಲ್ಲಂತೂ ಕೂದಲೆಳೆ ಅಂತರ. ಅದರ ಬಗ್ಗೆ ಫೈವ್‌ಥರ್ಟಿಎಯ್ಟ್ ಯಾವ ಸಾಧ್ಯತೆಯನ್ನೂ ಹಾಕಿರಲಿಲ್ಲ. ಹಿಲರಿ ಗೆಲ್ತಾರೆ ಅಂತ ಪಾರ್ಕಿಂಗ್ ಲಾಟಿನಿಂದ ತಿರುಗಿದವನು ಬಸ್ಸಿನ ವೋಟನ್ನೂ ಬಿಟ್ಟು ಬಂದಿದ್ದೆ. 2022ರ ನವೆಂಬರ್‌ನಲ್ಲಿ ಓಕ್ಲಂಡ್ ಕೌಂಟಿ ಬೇರೊಂದು ತೆರಿಗೆ ಪಾಸ್ ಮಾಡಿದ ಮೇಲೆ ನೋವೈಗೂ ಬಸ್ಸು ಬಂತು. ಅಷ್ಟರಲ್ಲಿ ಅಮ್ಮನ ಮಂಡಿ ನೋವು ಜಾಸ್ತಿಯಾಗಿತ್ತು, ಸ್ಟಾಪಿನವರೆಗೆ ನಡೆಯೋದೇ ಕಷ್ಟ.

ರಜೆಯ ಚಿಂತೆ ಬಿಡಿ, ಅದು ಈಗ ಬೇಕಾಗಿಲ್ಲ. 2018ರಲ್ಲಿ ರಾಜ್ಯದ ಮತದಾರರ ಮುಂದಿಟ್ಟಿದ್ದ ಪ್ರಸ್ತಾಪ 3 ಪಾಸ್ ಆದ ಮೇಲೆ ಕಾರಣ ಕೊಡದೆ ಮನೆಗೇ ಮತಪತ್ರ ತರಿಸಿಕೊಳ್ಳಬಹುದು, 2022ರ ಪ್ರಸ್ತಾಪ 2ರಿಂದ ಒಂಬತ್ತು ದಿನ ಮುಂಚಿತ ಮತದಾನವೂ ಬಂತು. ಪ್ರತಿ ಸಲವೂ ಮತಪತ್ರ ಮನೆಗೆ ಬರುವ ಹಾಗೆ ಒಮ್ಮೆ ಅರ್ಜಿ ಹಾಕಿಬಿಡಿ. ಒಂದು ವೇಳೆ ಆ ದಿನವೇ ಹೋಗಬೇಕಾಗಿ ಬಂದು ಕ್ಯೂ ಉದ್ದ ಇದ್ದರೂ ವಾಪಸ್ ಹೋಗಬೇಡಿ. ಎಂಟು ಗಂಟೆಗೆ ಸಾಲಿನಲ್ಲಿ ನಿಂತಿದ್ದರೆ ನಿಮ್ಮ ವೋಟು ತಗೊಳ್ಳಲೇಬೇಕು. ಮತಪತ್ರ ಕೈಗೆ ಬಂದಾಗ ಹಿಂದಿನ ಪುಟ ತಿರುಗಿಸಿ ನೋಡಿ. ಶಾಲಾ ಮಂಡಳಿ, ಜಡ್ಜುಗಳು, ತೆರಿಗೆಯ ಪ್ರಸ್ತಾಪಗಳು ಅಲ್ಲಿರುತ್ತವೆ. 2028ರವರೆಗೆ ಕಾಯುವುದೂ ಬೇಡ, ನಡುವೆ ಸಣ್ಣ ಚುನಾವಣೆಗಳು ಬರುತ್ತವೆ, ಮೊದಲ ವೋಟು ಅಲ್ಲೇ ಹಾಕಿ.