ಅಡ್ಡಗೋಡೆ ಮೇಲಿನ ದೀಪಕ್ಕೆ ಅಂಕ ಕಡಿಮೆ

(ಹೆಸರು ಬದಲಿಸಿದ್ದೇನೆ. ಗುರುತು ಸಿಗಬಹುದಾದ ವಿವರಗಳನ್ನು ಬಿಟ್ಟಿದ್ದೇನೆ. ಪ್ರಕರಣವನ್ನು ಬರೆಯಲು ಆಕೆಯ ಒಪ್ಪಿಗೆ ಇದೆ.)

ಸುಮಾಳನ್ನು ಆಪ್ತಸಮಾಲೋಚಕಿಯಾದ ನನ್ನಲ್ಲಿಗೆ ಕರೆತಂದವರು ಅವಳ ತಾಯಿ. ಅಣ್ಣನ ಮದುವೆಗೆಂದು ಅಮೆರಿಕದಿಂದ ಬಂದ ಮಗಳು ಮದುವೆ ಮುಗಿದರೂ ವಾಪಸ್ ಹೋಗುವ ಮಾತೆತ್ತುತ್ತಿಲ್ಲ, ರಾತ್ರಿ ನಿದ್ದೆ ಮಾಡುತ್ತಿಲ್ಲ, ಗಂಡನ ಫೋನ್ ಬಂದರೆ ಎದ್ದು ಮಹಡಿಗೆ ಹೋಗಿಬಿಡುತ್ತಾಳೆ ಎಂಬುದು ಅವರ ದೂರು. "ಅಲ್ಲೇನೋ ಪರೀಕ್ಷೆ ಬರೆದಿದ್ಲಂತೆ ಮೇಡಂ, ಫೇಲಾಗೈತಂತೆ. ಅದಕ್ಕೆ ಇಷ್ಟು ಹಚ್ಕೋಬೇಕಾ ಹೇಳ್ರಿ. ಉಣ್ಣಾಕೆ ಉಡಾಕೆ ಏನು ಕಮ್ಮಿ ಐತೆ?" ದೃಷ್ಟಿ ತೆಗೆಸಿದ್ದಾಗಿತ್ತು, ದುಗ್ಗಮ್ಮನಿಗೆ ಹರಕೆಯೂ ಆಗಿತ್ತು. ಯಾರೋ ನನ್ನ ಹೆಸರು ಹೇಳಿದ್ದರಿಂದ ವಿದ್ಯಾನಗರದವರೆಗೆ ಬಂದಿದ್ದರು.

ಇಂಥ ಸಂದರ್ಭದಲ್ಲಿ ತಾಯಿಯನ್ನು ಹೊರಗೆ ಕೂರಿಸಿ ನಾನು ಮೊದಲು ಕೇಳುವುದು ಪರೀಕ್ಷೆಯ ವಿಷಯವನ್ನಲ್ಲ. ಗಂಡ ಕೈ ಮಾಡುತ್ತಾನಾ, ಪಾಸ್‌ಪೋರ್ಟ್ ಯಾರ ಹತ್ತಿರ ಇದೆ, ಕೈಯಲ್ಲಿ ದುಡ್ಡು ಇರುತ್ತಾ, ಸಾಯಬೇಕು ಅನ್ನಿಸಿದ್ದುಂಟಾ. ಸುತ್ತಿಬಳಸಿ ಕೇಳಿದರೆ ಉತ್ತರವೂ ಸುತ್ತಿಬಳಸಿಯೇ ಬರುತ್ತದೆ, ಹಾಗಾಗಿ ನೇರವಾಗಿ ಕೇಳುತ್ತೇನೆ. ಅಂಥದ್ದೇನೂ ಇರಲಿಲ್ಲ. ನಿದ್ದೆ ಕೆಟ್ಟಿತ್ತು, ಊಟ ಕಡಿಮೆಯಾಗಿತ್ತು, ಆದರೆ ಅತ್ತಿಗೆಯ ಜೊತೆ ಪೇಟೆಗೆ ಹೋಗಿ ಸೀರೆ ಆರಿಸುವಷ್ಟು ಉತ್ಸಾಹ ಉಳಿದಿತ್ತು. ಎರಡು ವಾರದಲ್ಲಿ ನಿದ್ದೆ ಸರಿಹೋಗದಿದ್ದರೆ ಮನೋವೈದ್ಯರನ್ನು ಕಾಣುವುದು ಎಂದು ಮಾತಾಡಿಕೊಂಡೆವು. ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆಯನ್ನು ಅವಳ ಫೋನಿನಲ್ಲಿ ಸೇವ್ ಮಾಡಿಸಿದೆ. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಸುಮಾ ಜಗಳೂರು ತಾಲ್ಲೂಕಿನ ಹಳ್ಳಿಯವಳು. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ. ದಾವಣಗೆರೆಯಲ್ಲಿ ಹಾಸ್ಟೆಲಿನಲ್ಲಿದ್ದು ಪಿಯುಸಿ, ಆಮೇಲೆ ಬಿ.ಕಾಂ. ಎರಡನೇ ವರ್ಷದಲ್ಲಿ ಒಳ್ಳೆಯ ಸಂಬಂಧ ಬಂತೆಂದು ಮದುವೆ, ಓದು ಅಲ್ಲಿಗೇ ನಿಂತಿತು. ಗಂಡ ಟೆಕ್ಸಾಸಿನ ಡಲ್ಲಾಸ್ ಕಡೆ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಅವಳದು ಎಚ್-4 ವೀಸಾ, ಕೆಲಸದ ವೀಸಾದಲ್ಲಿ ಹೋದವರ ಸಂಗಾತಿಗೆ ಕೊಡುವಂಥದ್ದು. ಸದ್ಯಕ್ಕೆ ದುಡಿಯಲು ಅನುಮತಿ ಇಲ್ಲ, ಓದಲು ಅಡ್ಡಿಯಿಲ್ಲ. ಮನೆಯಲ್ಲಿ ಒಬ್ಬಳೇ ಕೂತು ಬೇಸತ್ತು, ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ಅಕೌಂಟಿಂಗ್ ಓದುತ್ತೇನೆಂದು ತಾನೇ ಹೊರಟಿದ್ದಳು. ಆ ಕಾಲೇಜು ಕೇಳಿದ್ದು ಟಿಎಸ್‌ಐ ಪರೀಕ್ಷೆ.

ಅಂಕಪಟ್ಟಿ ಅವಳ ಫೋನಿನಲ್ಲಿತ್ತು. ತೋರಿಸುವಾಗಲೂ ಹೆಬ್ಬೆರಳನ್ನು ಅಂಕದ ಮೇಲೇ ಇಟ್ಟಿದ್ದಳು. ಬೆರಳು ಸರಿಸಿ ಎಂದ ಮೇಲೆ ಕಂಡದ್ದು: ಓದು-ಬರಹದ ಪ್ರಶ್ನೆಗಳಿಗೆ 938, ಪ್ರಬಂಧಕ್ಕೆ 3.

ಟೆಕ್ಸಾಸ್ ರಾಜ್ಯದ ಸರ್ಕಾರಿ ಕಾಲೇಜುಗಳಿಗೆ ಸೇರುವವರು ಕಾಲೇಜು ಮಟ್ಟದ ಓದು, ಬರಹ, ಗಣಿತಕ್ಕೆ ತಯಾರಾಗಿದ್ದಾರಾ ಎಂದು ನೋಡುವ ಪರೀಕ್ಷೆ ಇದು. ಈಗ ನಡೆಯುತ್ತಿರುವುದು 2021ರ ಜನವರಿಯಲ್ಲಿ ಬಂದ ಎರಡನೇ ಆವೃತ್ತಿ. ಇಂಗ್ಲಿಷ್ ಭಾಗದಲ್ಲಿ 30 ಬಹು ಆಯ್ಕೆಯ ಪ್ರಶ್ನೆಗಳು, ಅರ್ಧ ಓದಿಗೆ, ಅರ್ಧ ಬರಹಕ್ಕೆ. ಜೊತೆಗೆ 300ರಿಂದ 600 ಪದಗಳ ಒಂದು ಪ್ರಬಂಧ. ಪ್ರಶ್ನೆಗಳಲ್ಲಿ 945, ಪ್ರಬಂಧಕ್ಕೆ 8ಕ್ಕೆ 5 ಬಂದರೆ ಸಿದ್ಧರಿದ್ದೀರಿ ಎಂದು ಲೆಕ್ಕ. 945 ಮುಟ್ಟದವರಿಗೆ 48 ಪ್ರಶ್ನೆಗಳ ಇನ್ನೊಂದು ಸುತ್ತು ಇರುತ್ತದೆ. ಅದರಲ್ಲಿ 5 ಅಥವಾ 6ನೇ ಹಂತ ಬಂದು, ಪ್ರಬಂಧಕ್ಕೂ 5 ಇದ್ದರೆ ಆಗಲೂ ದಾಟಿದಂತೆಯೇ. ಸುಮಾಗೆ ಅದರಲ್ಲಿ 4ನೇ ಹಂತ. ಇಷ್ಟೂ ಆಗಲಿಲ್ಲವೆಂದರೂ ಕಾಲೇಜು ಬಾಗಿಲು ಹಾಕಿಕೊಳ್ಳುವುದಿಲ್ಲ. ಎಲ್ಲರೂ ಓದುವ ಇಂಗ್ಲಿಷ್ ಕೋರ್ಸಿನ ಜೊತೆಗೇ ಒಂದು ಬೆಂಬಲ ತರಗತಿಗೂ ಕೂರಿಸುತ್ತದೆ. ಪಾಸು-ಫೇಲು ಎಂಬ ಮಾತೇ ಆ ಕಾಗದದಲ್ಲಿಲ್ಲ. ಫಲಿತಾಂಶದ ವಾರ ಸರ್ಕಲ್ ಸರ್ಕಲ್‌ನಲ್ಲೂ ಟಾಪರ್‌ಗಳ ಫೋಟೊ ಫ್ಲೆಕ್ಸ್ ಏಳುವ ಊರಿನಲ್ಲಿ ಓದಿದವಳಿಗೆ ಅದನ್ನು ಹಾಗೆ ಓದಿಕೊಳ್ಳುವುದು ಎಲ್ಲಿಂದ ಬರಬೇಕು. ಗಣಿತದ ಗೆರೆ 950. ಅದನ್ನು ಅವಳು ಮೊದಲ ಸಲಕ್ಕೇ ದಾಟಿದ್ದಳು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಪರೀಕ್ಷೆಯ ದಿನದ ಕಥೆ ಕೇಳಿದೆ. "ಮೊದಮೊದಲು ಸಲೀಸಿತ್ತು ಮೇಡಂ. ಹೋಗ್ತಾ ಹೋಗ್ತಾ ಕಷ್ಟದ್ದೇ ಬರಾಕೆ ಹತ್ತಿದ್ವು. ಹೋಯ್ತು, ತಪ್ಪು ಮಾಡ್ತಿದೀನಿ ಅಂತ ಕೈ ನಡುಗಾಕೆ ಶುರುವಾಯ್ತು." ಆ ಪರೀಕ್ಷೆ ಕಂಪ್ಯೂಟರಿನಲ್ಲಿ ನಡೆಯುತ್ತದೆ, ಬರೆಯುವವರನ್ನು ನೋಡಿಕೊಂಡು ಪ್ರಶ್ನೆ ಕೊಡುತ್ತದೆ. ಸರಿ ಉತ್ತರ ಕೊಟ್ಟಷ್ಟೂ ಮುಂದಿನದು ಕಠಿಣವಾಗುತ್ತದೆ. ಅಂದರೆ ಚೆನ್ನಾಗಿ ಮಾಡುತ್ತಿದ್ದ ಹೊತ್ತಿನಲ್ಲೇ ಸೋತೆನೆಂದು ಕೈಚೆಲ್ಲಿದ್ದಳು. ಅಕ್ಕಪಕ್ಕದವರು ಎದ್ದು ಹೋಗುವುದನ್ನು ಕಂಡು ತಾನೂ ಬೇಗ ಮುಗಿಸಿದ್ದಳು. ಅವರಲ್ಲಿ ಕೆಲವರು ಗಣಿತವನ್ನಷ್ಟೇ ಬರೆಯಲು ಬಂದವರಿರಬಹುದು. ಆ ಪರೀಕ್ಷೆಗೆ ಹೊತ್ತಿನ ಮಿತಿಯೇ ಇಲ್ಲ. ಇದನ್ನು ನಾನು ಹೇಳಿದಾಗ, "ಗೊತ್ತಿತ್ತು ಮೇಡಂ, ಆದ್ರೂ ಎದ್ಬಿಟ್ಟೆ" ಅಂದಳು. ಈ ಮಾತನ್ನು ನಾನು ಗುರುತು ಮಾಡಿಕೊಂಡೆ.

ಪ್ರಬಂಧದ ವಿಷಯಕ್ಕೆ ಬಂದಾಗ ಗಂಟು ಎಲ್ಲಿದೆ ಎಂಬುದು ಗೊತ್ತಾಯಿತು. ಗಂಡ ಎಐಗೆ ಹೇಳಿ ಹತ್ತು ಇಂಗ್ಲಿಷ್ ಪ್ರಬಂಧ ಬರೆಸಿಕೊಟ್ಟಿದ್ದ. ಸುಮಾ ಹತ್ತನ್ನೂ ಉರು ಹೊಡೆದಿದ್ದಳು. ಬಂದದ್ದು ಹನ್ನೊಂದನೆಯದು. ಅವಳಿಗೆ ಬಂದ ವಿಷಯವನ್ನು ಇಲ್ಲಿ ಬರೆಯುವುದಿಲ್ಲ. ಗೆಲುವಿಗೆ ಪ್ರತಿಭೆ ಮುಖ್ಯವೋ ಪರಿಶ್ರಮ ಮುಖ್ಯವೋ ಎಂಬ ಜಾತಿಯದು ಎಂದಿಟ್ಟುಕೊಳ್ಳಿ. ಅವಳು ಬರೆದದ್ದು ನಮ್ಮ ಶಾಲೆಯ ಅಚ್ಚಿನಲ್ಲಿ: ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ. ಒಂದು ಪ್ಯಾರಾ ಪ್ರತಿಭೆಯ ಹೊಗಳಿಕೆ, ಇನ್ನೊಂದು ಪರಿಶ್ರಮದ ಹೊಗಳಿಕೆ, ಕೊನೆಗೆ ಎರಡೂ ಎರಡು ಕಣ್ಣುಗಳಿದ್ದಂತೆ. ನಮ್ಮಲ್ಲಾದರೆ ಈ ಪ್ರಬಂಧಕ್ಕೆ ಅಂಕ ಕೊಡುತ್ತಾರೆ, ನಾನೂ ಹೀಗೇ ಬರೆದು ಅಂಕ ತೆಗೆದವಳೇ. ಆದರೆ ಆ ಪರೀಕ್ಷೆ ಕೇಳುವುದು ಒಂದು ನಿಲುವು. ಯಾವುದು ಎಂದು ಹೇಳು, ಯಾಕೆ ಎಂದು ಹೇಳು, ಎದುರಿನವನು ಏನನ್ನಬಹುದೋ ಅದಕ್ಕೂ ಉತ್ತರ ಕೊಡು. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಬರೆದರೆ ಇಂಗ್ಲಿಷ್ ಎಷ್ಟೇ ಶುದ್ಧವಿದ್ದರೂ ಅಂಕ ಏರುವುದಿಲ್ಲ.

ನನಗೆ ಇಂಗ್ಲಿಷ್ ಬರಲ್ಲ ಎಂದು ಅವಳು ಮೊದಲ ಭೇಟಿಯಿಂದಲೂ ಹೇಳುತ್ತಿದ್ದಳು. ಅದನ್ನು ನಾನು ಒಪ್ಪಲಿಲ್ಲ. ಇಂಗ್ಲಿಷ್ ಸುಮಾರಾಗಿತ್ತು ನಿಜ, ಆದರೆ ಅದಕ್ಕೂ ಮೊದಲು, ನಿನ್ನ ಅಭಿಪ್ರಾಯವೇನು ಎಂದು ಯಾರಿಂದಲೂ ಕೇಳಿಸಿಕೊಂಡು ಅವಳಿಗೆ ಅಭ್ಯಾಸವಿರಲಿಲ್ಲ. ಹುಡುಗ ಒಪ್ಪಿಗೆಯೇ ಎಂದು ಕೇಳಿದಾಗ "ನೀವು ಹೇಳಿದಂಗೆ" ಅಂದವಳು. ಅತ್ತೆ ಒಂದು ಹೇಳಿ ಗಂಡ ಒಂದು ಹೇಳಿದರೆ ಇಬ್ಬರಿಗೂ ಹೂಂ ಅಂದು ಮನೆ ತೂಗಿಸಿದವಳು. ಅದು ಸಣ್ಣ ಜಾಣತನವಲ್ಲ. ಪ್ರಬಂಧದಲ್ಲಿ ಮಾತ್ರ ಅದು ಕೈಕೊಟ್ಟಿತ್ತು.

ಹಾಗಾಗಿ ಇಂಗ್ಲಿಷ್ ಪಕ್ಕಕ್ಕಿಟ್ಟು ಕೇಳಿದೆ, "ಹೊಲದಲ್ಲಿ ಈ ಸಲ ಏನು ಹಾಕ್ತಾರಮ್ಮ ನಿಮ್ಮಣ್ಣ?"

"ಮೆಕ್ಕೆಜೋಳ ಬಿಟ್ಟು ಅಡಿಕೆ ಸಸಿ ಇಡ್ತಾನಂತೆ. ತಲೆ ಕೆಟ್ಟೈತೆ ಮೇಡಂ ಅವನಿಗೆ."

"ಯಾಕೆ?"

ಆಮೇಲೆ ನಾನು ಬಾಯಿ ತೆಗೆಯುವ ಅಗತ್ಯ ಬೀಳಲಿಲ್ಲ. ಬೋರು ಎರಡು ಸಲ ಕೈಕೊಟ್ಟಿದೆ. ಅಡಿಕೆ ಫಸಲು ಕಾಣಲು ಐದಾರು ವರ್ಷ ಬೇಕು, ಅಷ್ಟು ಬೇಸಿಗೆಗೆ ನೀರು ಎಲ್ಲಿಂದ ತರುತ್ತಾನೆ. ಟ್ಯಾಂಕರ್‌ನಲ್ಲಿ ನೀರು ಹೊಡೆದು ತೋಟ ಉಳಿಸಲು ಹೋದ ಚಿಕ್ಕಪ್ಪನ ಸಾಲ ಇನ್ನೂ ತೀರಿಲ್ಲ. ನಮ್ಮದೇನು ಚನ್ನಗಿರಿಯಾ, ಭದ್ರಾ ನಾಲೆ ಇದೆ ಅನ್ನೋಕೆ. ಅಣ್ಣ ಏನಂತಾನೆ ಎಂದೆ. ಜೋಳದ ದರ ನೆಚ್ಚಿಕೊಳ್ಳುವಂತಿಲ್ಲ, ಭದ್ರಾ ಮೇಲ್ದಂಡೆ ನೀರು ಜಗಳೂರಿಗೂ ಬರುತ್ತೆ ಅಂತಾನೆ. "ದರದ ಮಾತು ಖರೆ ಮೇಡಂ. ಆದ್ರೆ ನೀರು ಬಂದ ಮೇಲೆ ಸಸಿ ಇಡಲಿ, ಬರುತ್ತೆ ಅಂತ ಕೇಳಿ ಇಟ್ರೆ ಒಣಗೋದು ನಮ್ಮ ಗಿಡ."

ಅವಳು ಮಾತಾಡುತ್ತಿದ್ದಾಗ ನಾನು ಕಾಗದದ ಮೇಲೆ ಗೀಚುತ್ತಿದ್ದೆ. ನಿಲುವು ಒಂದು, ಕಾರಣ ಮೂರು, ಮನೆಯದೇ ಉದಾಹರಣೆ ಒಂದು, ಎದುರಾಳಿಯ ಮಾತು ಎರಡು, ಅದರಲ್ಲಿ ಒಂದನ್ನು ಒಪ್ಪಿದ್ದಾಳೆ, ಇನ್ನೊಂದಕ್ಕೆ ಉತ್ತರ ಕೊಟ್ಟಿದ್ದಾಳೆ. ಕಾಗದವನ್ನು ಅವಳ ಕಡೆ ತಿರುಗಿಸಿ, "ನಿನ್ನ ಪ್ರಬಂಧ ಇದೇ" ಎಂದೆ. ಇದನ್ನು ಅಣ್ಣನಿಗೆ ಹೇಳಿದ್ದೀಯಾ ಎಂದು ಕೇಳಿದ್ದಕ್ಕೆ, "ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಮೇಡಂ, ನಂಗ್ಯಾಕೆ" ಎಂದು ನಕ್ಕಳು. ಮುಂದಿನ ವಾರ ಹೇಳಿ ಬಂದಿದ್ದಳು. ಅಣ್ಣ ಕೇಳಲಿಲ್ಲ, ಸ್ವಲ್ಪ ಜಗಳವೂ ಆಯಿತಂತೆ. ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು ಅಂದಳು.

ನಾನು ಕೊಟ್ಟ ಸಲಹೆಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಹುಟ್ಟಿದವು. ಉರು ಹೊಡೆದ ಹತ್ತು ಪ್ರಬಂಧ ಅಳಿಸಿಬಿಡು. ದಿನಕ್ಕೊಂದು ಜಗಳದ ವಿಷಯ ಹಿಡಿ, ಮೊದಲು ಕನ್ನಡದಲ್ಲಿ ಗಟ್ಟಿಯಾಗಿ ವಾದ ಮಾಡು, ತಾಯಿಯ ಎದುರಾದರೂ ಸರಿ, ಆಮೇಲೆ ಇಂಗ್ಲಿಷಿನಲ್ಲಿ ಬರೆ. ಕೈಬರಹ ಬೇಡ, ಅಣ್ಣನ ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡು, ಕಾಗುಣಿತ ತಿದ್ದುವ ಸೌಲಭ್ಯವನ್ನು ಆಫ್ ಮಾಡಿಟ್ಟುಕೋ, ಪರೀಕ್ಷೆಯಲ್ಲಿ ಅದು ಇರುವುದಿಲ್ಲ. ಬರೆದಾದ ಮೇಲೆ ಮೊದಲ ಪ್ಯಾರಾ ಓದಿ ನಿನ್ನ ಪಕ್ಷ ಯಾವುದೆಂದು ಅತ್ತಿಗೆಗೆ ಗೊತ್ತಾಗುತ್ತಾ ನೋಡು. ಗೊತ್ತಾಗದಿದ್ದರೆ ಮತ್ತೆ ಬರೆ.

ಬರಹದ ಪ್ರಶ್ನೆಗಳಲ್ಲಿ ಅವಳು ಎಡವುತ್ತಿದ್ದ ಜಾಗ ಕನ್ನಡ ಮಾಧ್ಯಮದ ಬಹುಪಾಲು ಮಕ್ಕಳು ಎಡವುವ ಜಾಗವೇ. ಎದ್ದು, ತಿಂಡಿ ತಿಂದು, ಬಸ್ಸು ಹತ್ತಿ, ಕಾಲೇಜಿಗೆ ಹೋಗಿ ಎಂದು ನಾವು ಒಂದೇ ಉಸಿರಿನಲ್ಲಿ ಪೋಣಿಸುತ್ತೇವೆ. ಅದೇ ಲಯದಲ್ಲಿ ಇಂಗ್ಲಿಷ್ ಬರೆದರೆ ಎರಡು ಪೂರ್ಣ ವಾಕ್ಯಗಳ ನಡುವೆ ಬರೀ ಅಲ್ಪವಿರಾಮ ಕೂತಿರುತ್ತದೆ. ಪರೀಕ್ಷೆ ಇದನ್ನು ತಪ್ಪೆಂದೇ ಎಣಿಸುತ್ತದೆ. ಪೂರ್ಣವಿರಾಮ ಹಾಕು, ಇಲ್ಲವೇ ನಡುವೆ ಜೋಡಿಸುವ ಪದ ಇಡು. ಕರ್ತೃ ಮತ್ತು ಕ್ರಿಯಾಪದದ ನಡುವೆ ಉದ್ದನೆಯ ವಿವರಣೆ ಬಂದರೆ ಅದನ್ನು ಬೆರಳಿನಿಂದ ಮುಚ್ಚಿ ಓದು, ಏಕವಚನವೋ ಬಹುವಚನವೋ ತಕ್ಷಣ ಕಾಣುತ್ತದೆ. ಇದಕ್ಕೆ ದಪ್ಪ ವ್ಯಾಕರಣ ಪುಸ್ತಕ ಬೇಕಿಲ್ಲ, ಈ ಪರೀಕ್ಷೆಯನ್ನು ರೂಪಿಸುವ ಕಾಲೇಜ್ ಬೋರ್ಡ್ ಸಂಸ್ಥೆ ಉಚಿತವಾಗಿ ಕೊಡುವ ಅಭ್ಯಾಸ ಪ್ರಶ್ನೆಗಳು ಧಾರಾಳ ಸಾಕು.

ಓದಿನ ಭಾಗದಲ್ಲಿ ಅವಳ ತಪ್ಪು ಒಂದೇ ಬಗೆಯದು. ಲೋಕದಲ್ಲಿ ನಿಜವಾದದ್ದನ್ನು ಗುರುತು ಹಾಕುತ್ತಿದ್ದಳು, ಪ್ಯಾರಾದಲ್ಲಿ ಅದು ಇದೆಯೇ ಎಂದು ನೋಡುತ್ತಿರಲಿಲ್ಲ. ಉತ್ತರಕ್ಕೆ ಆಧಾರವಾದ ಸಾಲಿನ ಮೇಲೆ ಬೆರಳಿಡಲು ಆಗದಿದ್ದರೆ ಆ ಉತ್ತರ ಬಿಡು ಎಂದೆ. ಬಿಟ್ಟು ಮುಂದೆ ಹೋಗಿ ಮತ್ತೆ ಹಿಂದಕ್ಕೆ ಬರಲು ಆ ಪರೀಕ್ಷೆಯಲ್ಲಿ ಆಗುವುದಿಲ್ಲ, ಹಾಗಾಗಿ ಪ್ರತಿ ಪ್ರಶ್ನೆಯಲ್ಲೂ ಬೇಕಾದಷ್ಟು ಹೊತ್ತು ನಿಲ್ಲು. ಪ್ರಶ್ನೆ ಕಠಿಣವಾದರೆ ಖುಷಿಪಡು. ಯಾರೇ ಎದ್ದು ಹೋಗಲಿ, ನೀನು ಕೂತಿರು.

ಗಂಡನ ಜೊತೆ ಅವಳ ಒಪ್ಪಿಗೆ ಪಡೆದು ವಿಡಿಯೊ ಕಾಲ್‌ನಲ್ಲಿ ಮಾತಾಡಿದೆ. ಕೆಟ್ಟವನಲ್ಲ, ಅವಸರದವನು. "ಅಲ್ಲಿ ಹೈಸ್ಕೂಲ್ ಮುಗಿಸಿದ ಮಕ್ಕಳು ಬರೆಯೋ ಟೆಸ್ಟ್ ಮೇಡಂ ಅದು" ಎಂದು ಶುರು ಮಾಡಿದ. ಆ ಮಕ್ಕಳು ಹನ್ನೆರಡು ವರ್ಷ ಅದೇ ಭಾಷೆಯಲ್ಲಿ ಓದಿರುತ್ತಾರಪ್ಪ ಎಂದೆ, ಸುಮ್ಮನಾದ. ಕೇಳಿಕೊಂಡದ್ದು ಎರಡೇ: ಸ್ನೇಹಿತರ ಎದುರು ಅವಳ ಇಂಗ್ಲಿಷ್ ತಿದ್ದಬೇಡಿ, ಬರೆಸಿದ ಪ್ರಬಂಧ ಕಳಿಸಬೇಡಿ. ಸಹಾಯ ಅಂದುಕೊಂಡು ಮಾಡಿದೆ ಅಂದ. ನನಗೂ ಹಾಗೇ ಅನ್ನಿಸಿತು. ತಾಯಿಗೆ ಹೇಳಿದ್ದು ಇನ್ನೂ ಚಿಕ್ಕದು. ನೆಂಟರು ಕೇಳಿದರೆ ಫೇಲು ಎನ್ನಬೇಡಿ, ಕಾಲೇಜು ಸೇರುತ್ತಾಳೆ ಎನ್ನಿ, ಗಣಿತದಲ್ಲಿ ದಾಟಿದ್ದಾಳೆ ಎಂಬುದನ್ನೂ ಸೇರಿಸಿ. ಅವರಿಗೆ ಆಗಲೇ ಆ ವಿಷಯ ಗೊತ್ತಾದದ್ದು. ಮಗಳ ಮುಖ ನೋಡಿ, "ಹೇಳಬಾರದೇನೇ" ಎಂದು ಗದರಿದರು.

ಸುಮಾ ವಾಪಸ್ ಹೋದಳು, ಮತ್ತೆ ಬರೆದಳು. ಎಷ್ಟು ದಿನ ಬಿಟ್ಟು ಬರೆಯಬೇಕು, ಶುಲ್ಕ ಎಷ್ಟು ಎಂಬುದು ಆಯಾ ಕಾಲೇಜಿನ ನಿಯಮ, ಅದನ್ನು ಅಲ್ಲಿನ ಸಲಹೆಗಾರರನ್ನೇ ಕೇಳಲು ಹೇಳಿದ್ದೆ. ಈ ಸಲ ಪ್ರಬಂಧಕ್ಕೆ 5 ಬಂತು. ಪ್ರಶ್ನೆಗಳಲ್ಲಿ 941, ಎರಡನೇ ಸುತ್ತಿನಲ್ಲಿ ಮತ್ತೆ 4ನೇ ಹಂತ. ಗೆರೆ ದಾಟಲಿಲ್ಲ. ಇನ್ನೊಂದು ಸಲ ಬರಿ, ನಾಲ್ಕೇ ಅಂಕ ತಾನೇ ಎಂದು ಗಂಡ. ಅವಳು ಬೇಡ ಎಂದಳು. ಬೆಂಬಲ ತರಗತಿ ಇಂಗ್ಲಿಷ್ ಕೋರ್ಸಿನ ಜೊತೆಗೇ ನಡೆಯುತ್ತದೆ, ಒಂದು ಸೆಮಿಸ್ಟರೂ ಹಾಳಾಗುವುದಿಲ್ಲ, ನನಗೆ ಆ ಸಹಾಯ ಬೇಕು. ಹೀಗೆ ಕಾರಣಗಳನ್ನು ಎಣಿಸಿ ಹೇಳಿದಳಂತೆ. ನೀವಾದರೂ ಹೇಳಿ ಮೇಡಂ ಎಂದು ಅವನು ನನಗೆ ಫೋನ್ ಮಾಡಿದ. ನಿಮ್ಮ ಹೆಂಡತಿ ಹೇಳಿದ್ದೇ ಸರಿ ಅನ್ನಿಸುತ್ತದೆ ಎಂದೆ.

ತರಗತಿ ಶುರುವಾದ ಮೇಲೆ ತನ್ನ ಮೊದಲ ಪ್ರಬಂಧದ ಕರಡನ್ನು ತಿದ್ದಿಕೊಡಿ ಎಂದು ನನಗೆ ವಾಟ್ಸಾಪ್ ಮಾಡಿದ್ದಳು. ಅದಕ್ಕೆ ಕಾಲೇಜಿನಲ್ಲೇ ರೈಟಿಂಗ್ ಸೆಂಟರ್ ಇದೆಯಾ ವಿಚಾರಿಸು, ಇದ್ದರೆ ಕರಡು ಹಿಡಿದುಕೊಂಡು ಅಲ್ಲಿಗೇ ಹೋಗು ಎಂದು ಉತ್ತರ ಬರೆದು ಪ್ರಕರಣದ ಕಡತ ಮುಚ್ಚಿದೆ.