ಪ್ರತಿ: ಸಾಧನ ಪರೀಕ್ಷೆಯ ಕೆಲಸಕ್ಕೆ ಪೈಥಾನ್ ಸಾಕೇ?
ಬಯೋಮೆಡಿಕಲ್ ಓದಿದ್ದೇನೆ, ಎಐ ಬಂದಿರುವಾಗ ವೈದ್ಯಕೀಯ ಸಾಧನ ಪರೀಕ್ಷಿಸುವ ತಂಡ ಸೇರಲು ಪೈಥಾನ್ ಕಲಿತರೆ ಸಾಕೇ ಎಂದು ಕೇಳಿದ್ದೀರಿ. ಸಾಲದು. ಪರೀಕ್ಷೆಯ ಕೋಡನ್ನು ಎಐ ಬರೆದುಕೊಟ್ಟೀತು. ಆದರೆ ಇನ್ಫ್ಯೂಷನ್ ಪಂಪ್ ತಪ್ಪು ಪ್ರಮಾಣದಲ್ಲಿ ಔಷಧ ಹರಿಸಿದರೆ ರೋಗಿಗೆ ಏನಾಗುತ್ತದೆ, ಆ ಅಪಾಯವನ್ನು ಯಾವ ಪರೀಕ್ಷೆ ಹಿಡಿಯುತ್ತದೆ ಎಂದು ದಾಖಲೆಯಲ್ಲಿ ತೋರಿಸಿ ಸಹಿ ಹಾಕಬೇಕಾದವರು ಮನುಷ್ಯರೇ. ವೈದ್ಯಕೀಯ ಸಾಧನಗಳ ಅಪಾಯ ನಿರ್ವಹಣೆಯ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 14971, ಅವುಗಳ ತಂತ್ರಾಂಶ ರೂಪಿಸುವ ಬಗೆಯ ಮಾನದಂಡ ಐಇಸಿ 62304, ಎರಡನ್ನೂ ಓದಿಕೊಳ್ಳಿ. ನೀರಸ ಓದು, ಒಪ್ಪುತ್ತೇನೆ, ಆದರೆ ಸಂದರ್ಶನಕ್ಕೆ ಬರುವ ಹೊಸಬರಲ್ಲಿ ಅವನ್ನು ಬಲ್ಲವರು ಅಪರೂಪ.

ಸೈಬರ್ ಭದ್ರತೆಯ ಕಡೆಗೂ ನೋಡಿ. ಇಂಟರ್ನೆಟ್‌ಗೆ ಸೇರಬಲ್ಲ ಸಾಧನಕ್ಕೆ ಅನುಮತಿ ಕೇಳುವಾಗ ತಂತ್ರಾಂಶದ ಘಟಕಗಳ ಪಟ್ಟಿ ಕೊಡುವುದು ಅಮೆರಿಕದಲ್ಲಿ 2023ರ ಮಾರ್ಚ್‌ನಿಂದ ಕಡ್ಡಾಯ. ಆ ಮಾರುಕಟ್ಟೆಗೆ ಸಾಧನ ರೂಪಿಸುವ ಬೆಂಗಳೂರಿನ ತಂಡಗಳಿಗೂ ಅದು ತಪ್ಪಿದ್ದಲ್ಲ. ಆ ಪಟ್ಟಿಯ ಕೆಲಸದಲ್ಲಿ ನಿಮ್ಮ ಪೈಥಾನ್ ನಿಜವಾಗಿ ಉಪಯೋಗಕ್ಕೆ ಬರುತ್ತದೆ.