ಗಿಡ ನೆಡುವುದಕ್ಕಿಂತ ಮೊದಲು ಕಚ್ಚಾವಸ್ತುವಿನ ಮೂಲ

ಸಣ್ಣ ಸೌಂದರ್ಯವರ್ಧಕ ಕಂಪನಿಯೊಂದು ಜೀವವೈವಿಧ್ಯವನ್ನು ಉಳಿಸಲು ಗಿಡ ನೆಡುವ ಕಾರ್ಯಕ್ರಮಕ್ಕೆ ಹಣ ಕೊಟ್ಟರೆ ಸಾಕೇ ಎಂದು ತಾವು ಕೇಳಿದ್ದೀರಿ. ಸಾಲದು ಎಂಬುದು ನನ್ನ ದೃಢ ಅಭಿಪ್ರಾಯ, ಏಕೆಂದರೆ ಹೆಚ್ಚಿನ ಹಾನಿ ಆಗುವುದು ಕಚ್ಚಾವಸ್ತು ಬೆಳೆಯುವ ನೆಲದಲ್ಲಿಯೇ. ಗ್ಲಿಸರಿನ್, ನೊರೆ ಬರಿಸುವ ಪದಾರ್ಥಗಳು, ಎಣ್ಣೆ ಮತ್ತು ನೀರನ್ನು ಬೆರೆತಿರುವಂತೆ ಹಿಡಿದಿಡುವ ಎಮಲ್ಸಿಫೈಯರ್‌ಗಳು ಹಲವು ಬಾರಿ ತಾಳೆ ಎಣ್ಣೆಯಿಂದಲೇ ತಯಾರಾಗುತ್ತವೆಯಾದರೂ ಘಟಕಗಳ ಪಟ್ಟಿಯಲ್ಲಿ ತಾಳೆಯ ಹೆಸರು ಕಾಣುವುದಿಲ್ಲ. ಆದ್ದರಿಂದ ಎಣ್ಣೆ ಯಾವ ಗಿರಣಿಯಿಂದ, ಯಾವ ತೋಟದಿಂದ ಬಂದಿತೆಂಬ ವಿವರವನ್ನು ಪೂರೈಕೆದಾರರಿಂದ ಲಿಖಿತವಾಗಿ ಪಡೆಯಿರಿ. ತಾಳೆಯನ್ನೇ ಕೈಬಿಟ್ಟು ತೆಂಗಿನೆಣ್ಣೆಗೆ ಹೊರಳುವುದು ಸುಲಭದ ಪರಿಹಾರವೆಂದು ತೋರಬಹುದು, ಆದರೆ ಅಷ್ಟೇ ಎಣ್ಣೆಗೆ ಹಲವು ಪಟ್ಟು ಹೆಚ್ಚು ಭೂಮಿ ಬೇಕಾಗುತ್ತದೆ. ಚರ್ಮವನ್ನು ಮೃದುವಾಗಿಡುವ ಎಣ್ಣೆಯಂಥ ಪದಾರ್ಥವಾದ ಸ್ಕ್ವಾಲೇನ್ ಬಳಸುವುದಾದರೆ ಶಾರ್ಕ್‌ನ ಯಕೃತ್ತಿನದಲ್ಲ, ಆಲಿವ್ ಅಥವಾ ಕಬ್ಬಿನಿಂದ ತಯಾರಾದದ್ದೆಂದು ಖಚಿತಪಡಿಸಿಕೊಳ್ಳಿ.

ಕಾಡಿನಿಂದ ಸಂಗ್ರಹಿಸುವ ಸಸ್ಯಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಅಗತ್ಯ. ಸುಗಂಧತೈಲಕ್ಕಾಗಿ ಕಡಿಯಲಾದ ಅಮೆಜಾನಿನ ರೋಸ್‌ವುಡ್ ಮರವನ್ನು 2010ರಲ್ಲಿ ಕಾಡುಜೀವಿ ಮತ್ತು ಸಸ್ಯಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟ್ಸ್ ಒಪ್ಪಂದದ ಎರಡನೆಯ ಅನುಬಂಧಕ್ಕೆ, ಅಂದರೆ ಪರವಾನಗಿಯೊಂದಿಗಷ್ಟೇ ವ್ಯಾಪಾರ ಮಾಡಬಹುದಾದವುಗಳ ಪಟ್ಟಿಗೆ, ಸೇರಿಸಬೇಕಾಯಿತು. ಸಂಗ್ರಹಕಾರರಿಗೆ ನ್ಯಾಯವಾದ ದರವನ್ನೂ ಹಲವು ವರ್ಷಗಳ ಖರೀದಿ ಒಪ್ಪಂದವನ್ನೂ ಕೊಟ್ಟರೆ, ಅವರು ಸಸ್ಯ ಮರುಚಿಗುರುವಷ್ಟು ಕಾಲ ಕಾಯಲು ಸಾಧ್ಯವಾಗುತ್ತದೆ. ಸ್ಥಳೀಯ ಸಮುದಾಯದ ಸಸ್ಯಜ್ಞಾನವನ್ನು ಬಳಸಿಕೊಳ್ಳುವಿರಾದರೆ, 2014ರಲ್ಲಿ ಜಾರಿಗೆ ಬಂದ, ಜೈವಿಕ ಸಂಪನ್ಮೂಲಗಳ ಲಾಭವನ್ನು ನ್ಯಾಯವಾಗಿ ಹಂಚಿಕೊಳ್ಳುವ ಕುರಿತ ಅಂತರರಾಷ್ಟ್ರೀಯ ಒಪ್ಪಂದವಾದ ನಗೋಯಾ ಶಿಷ್ಟಾಚಾರದ ಆಶಯದಂತೆ ಅವರ ಪೂರ್ವಾನುಮತಿಯನ್ನು ಪಡೆದು, ಲಾಭದ ಪಾಲನ್ನೂ ಕೊಡಿ.